ಮೂರು ಕೂಗಿನ ದೂರ

“ಗುರುಗಳೇ, ಬೆಟ್ಟದ ಮೇಲಿನ ಜನ ಜೀವ ಹೋಗುವ ಹೊತ್ತಿಗೆ ಆಸ್ಪತ್ರೆಗೆ ಬರುತ್ತಾರೆ. ಮುಂಚೆಯೇ ಏಕೆ ಆಂಬುಲೆನ್ಸ್ ಕರೆಯುವುದಿಲ್ಲ?” ಎಂದು ಶಿಷ್ಯ ಕೇಳಿದ. ಅವನು ಆಗಷ್ಟೇ ಡಾಕ್ಟರಾಗಿ ಬೆಟ್ಟದ ಬುಡದ ಆಸ್ಪತ್ರೆಗೆ ಬಂದಿದ್ದ.

ಗುರು ಮೀಸೆ ತಿರುವಿದರು. ಈ ಪ್ರಶ್ನೆಗೆ ಉತ್ತರ ಗೊತ್ತಿರುವವರು ಮೂರು ಲೋಕದಲ್ಲಿ ಇಬ್ಬರೇ, ಇನ್ನೊಬ್ಬರು ಯಾರೆಂದು ತಮಗೂ ನೆನಪಿಲ್ಲ ಎಂದರು. ಈಗ ಹೇಳುವ ಕತೆಯಲ್ಲಿ ಅಕ್ಷರ ಅಕ್ಷರವೂ ಸತ್ಯ, ಸುಳ್ಳಾದರೆ ಈ ಮೀಸೆ ನಿನ್ನ ಕತ್ತರಿಗೆ ಎಂದು ಆಣೆ ಇಟ್ಟು ಶುರುಮಾಡಿದರು.

ಒಂದು ಬೆಟ್ಟದ ನೆತ್ತಿಯಲ್ಲಿ ಸೋಲಿಗರ ಪೋಡು. ಪೋಡು ಎಂದರೆ ಅವರ ಊರು, ಇಪ್ಪತ್ತು ಮನೆ. ಅಲ್ಲಿ ಕುಂಬೇಗೌಡ ಎಂಬ ಜೇನು ಕೀಳುವವನಿದ್ದ. ಅವನ ಅತ್ತೆ ಕೇತಮ್ಮಜ್ಜಿ ಸೂಲಗಿತ್ತಿ. ಪೋಡಿನ ಮಕ್ಕಳೆಲ್ಲ ಹುಟ್ಟಿದ್ದು ಅವಳ ಕೈಯಲ್ಲಿ. ಹುಟ್ಟಿದ ಕೂಡಲೇ ಅವು ಅಳುತ್ತಿದ್ದದ್ದು ಅವಳ ಬೈಗುಳ ಕೇಳಿ ಎಂದು ಜನ ಹೇಳುತ್ತಿದ್ದರು. ಅಳಿಯನನ್ನು ಬೈಯದೆ ಅವಳು ಅಂಬಲಿ ಕುಡಿದ ದಿನವಿಲ್ಲ.

ಒಂದು ಬೆಳಿಗ್ಗೆ ಗೆಣಸು ಅಗೆಯುವಾಗ ಕೊಳಕುಮಂಡಲ ಅವಳ ಪಾದಕ್ಕೆ ಕಚ್ಚಿತು. ಕಚ್ಚಿದ್ದು ಹಾವಾದರೂ ಬೈಸಿಕೊಂಡವನು ಅಳಿಯನೇ.

ಪೋಡಿನಲ್ಲಿ ಫೋನಿಗೆ ಸಿಗ್ನಲ್ ಸಿಗುತ್ತಿದ್ದದ್ದು ಜೇನುಮರದ ತುದಿಯಲ್ಲಿ ಮಾತ್ರ. ಕುಂಬೇಗೌಡ ಫೋನನ್ನು ಹಲ್ಲಲ್ಲಿ ಕಚ್ಚಿಕೊಂಡು ಹತ್ತಿದ. ಮರ ಎಷ್ಟು ಎತ್ತರವೆಂದರೆ, ಅರ್ಧದಲ್ಲಿ ಒಂದು ಹದ್ದು ಕೂತು ದಣಿವಾರಿಸಿಕೊಳ್ಳುತ್ತಿತ್ತು. ತುದಿಗೆ ಹೋಗಿ, ಒಂದು ಕೈಯಲ್ಲಿ ಹೆಜ್ಜೇನು ಓಡಿಸುತ್ತ ಆಂಬುಲೆನ್ಸಿಗೆ ಫೋನ್ ಮಾಡಿದ.

ಫೋನಿನವನು ಊರು ಕೇಳಿದ, ತಾಲ್ಲೂಕು ಕೇಳಿದ, ಹತ್ತಿರದಲ್ಲಿ ಗುರುತಿಗೆ ಏನಿದೆ ಎಂದು ಕೇಳಿದ. ಆನೆ ಇದೆ ಎಂದ ಕುಂಬೇಗೌಡ. ಅದು ಅಲ್ಲೇ ನಿಂತಿರುತ್ತದೆಯೇ ಎಂದರೆ, ಹಾಗೆಲ್ಲ ಕೇಳುವಷ್ಟು ಸಲಿಗೆ ನಮ್ಮಲ್ಲಿಲ್ಲ ಎಂದ.

“ರಸ್ತೆಯಿಂದ ಎಷ್ಟು ದೂರ?”

“ಮೂರು ಕೂಗು ಸಾಮಿ.”

ಆ ಬೆಟ್ಟದಲ್ಲಿ ದೂರ ಅಳೆಯುವುದು ಹಾಗೆ. ಒಂದು ಕಡೆ ನಿಂತು ಕೂಗಿದರೆ ಎಲ್ಲಿಯವರೆಗೆ ಕೇಳುತ್ತದೋ ಅದು ಒಂದು ಕೂಗು. ಫೋನಿನವನು ಪಟ್ಟಣದವನು. ಗಾಳಿಗೆ ಮರ ತೂಗಿ, ಹಾವಿನ ಸುದ್ದಿಯೂ ಸೇರಿ ಅರ್ಧ ಮಾತು ಬೇರೆ ಹಾರಿಹೋಗುತ್ತಿತ್ತು. ಅವನು ಕಂಪ್ಯೂಟರಿನಲ್ಲಿ ಬರೆದ: ರೋಗಿ ಮೂರು ಸಲ ಕೂಗಿದ್ದಾರೆ. ಕೂಗಲು ತ್ರಾಣವಿದ್ದ ಮೇಲೆ ಅಷ್ಟೇನೂ ತುರ್ತಿಲ್ಲ.

ಫೋನಿನವನು ತುರ್ತಿಲ್ಲ ಎಂದಾಗ, ದೂರ ಕಡಿಮೆ ಹೇಳಿದ್ದರಿಂದಲೇ ಅವನಿಗೆ ಅವಸರವಿಲ್ಲ ಎಂದುಕೊಂಡ ಕುಂಬೇಗೌಡ. ಮೂರು ಎನ್ನುವುದು ಕಾಲುದಾರಿಯ ಮಾತು, ಗಾಡಿಯ ದಾರಿ ಸುತ್ತು, ಏಳು ಕೂಗು ಎಂದು ತಿದ್ದಿದ. ಏಳು ಸಲವೇ ಎಂದು ಫೋನಿನವನಿಗೆ ಸಮಾಧಾನವಾಯಿತು. ಮಳೆ ಬಂದರೆ ಹತ್ತೂ ಆದೀತು ಎಂದು ಕುಂಬೇಗೌಡ ಸೇರಿಸಿದ. ಅಜ್ಜಿ ಗುಣವಾಗುತ್ತಿದ್ದಾರೆ ಎಂದು ಫೋನಿನವನು ಬರೆದುಕೊಂಡ. ಸರದಿಯ ಮೇಲೆ ಗಾಡಿ ಬರುತ್ತದೆ ಎಂದು ಹೇಳಿ ಫೋನಿಟ್ಟ.

ಕುಂಬೇಗೌಡ ಮರದ ಮೇಲಿಂದಲೇ ಒಂದು ಕೂಗು ಹಾಕಿದ. ಕೇಳಿದವರು ಕೆಳಗಿನ ಪೋಡಿಗೆ ಕೂಗಿದರು, ಅವರು ಅದರ ಕೆಳಗಿನ ಪೋಡಿಗೆ. ಅವನು ಮರ ಇಳಿಯುವಷ್ಟರಲ್ಲಿ ಹೆಗಲು ಕೊಡಲು ಹನ್ನೆರಡು ಜನ ನಿಂತಿದ್ದರು. ಅಜ್ಜಿಯನ್ನು ಕಂಬಳಿಯ ಜೋಲಿಯಲ್ಲಿ ಮಲಗಿಸಿ ಹೊತ್ತರು. ಅವಳು ಜೋಲಿಯೊಳಗಿಂದ ದಾರಿಯುದ್ದಕ್ಕೂ ಬೈದಳು. ಮುಂದಿನವನು ಕುಳ್ಳ, ಹಿಂದಿನವನು ಸೋಮಾರಿ, ಇಬ್ಬರನ್ನೂ ಭೂಮಿಗೆ ಇಳಿಸಿದ್ದು ತನ್ನದೇ ತಪ್ಪು ಎಂದಳು. ಅಳಿಯನಿಗೆ ಬೇರೆಯೇ ಪಾಲು ತೆಗೆದಿಟ್ಟಿದ್ದಳು.

“ಹೆಣ ಹೊತ್ತಂಗೆ ಮೆಲ್ಲಗೆ ನಡೀಬೇಡ ಕಣೋ. ನಿನ್ನ ಬೈಯೋದು ಇನ್ನೂ ಬಾಕಿ ಅದೆ.”

ರಸ್ತೆಯಲ್ಲಿ ಆಂಬುಲೆನ್ಸ್ ಇರಲಿಲ್ಲ. ಎಲೆಕೋಸಿನ ಟೆಂಪೊ ಸಿಕ್ಕಿತು. ಎಲೆಕೋಸಿನ ನಡುವೆ ಇನ್ನೊಂದು ಎಲೆಕೋಸಾಗಿ ಅಜ್ಜಿ ಆಸ್ಪತ್ರೆ ಮುಟ್ಟಿದಳು. ಕೌಂಟರಿನವನು ಕಂಪ್ಯೂಟರ್ ನೋಡಿದ. ಅವಳಿಗಿಂತ ಮೊದಲೇ ಅವಳ ಸುದ್ದಿ ಅಲ್ಲಿಗೆ ಬಂದು ಕೂತಿತ್ತು: ಹತ್ತು ಸಲ ಕೂಗಿದ ರೋಗಿ, ತುರ್ತಲ್ಲ. ಸಾಲಿನ ಕೊನೆಯಲ್ಲಿ ಕೂರಿಸಿ ಎಂದ.

ಕುಂಬೇಗೌಡ ಅತ್ತೆಯ ಪಕ್ಕ ಕೂತ. ಸ್ವಲ್ಪ ಹೊತ್ತಿಗೆ ಏನೋ ಕಳೆದುಹೋದ ಹಾಗಾಯಿತು. ಕಿವಿ ಮುಟ್ಟಿ ನೋಡಿಕೊಂಡ, ಕಿವಿ ಸರಿಯಿತ್ತು. ಅತ್ತೆಯ ಬೈಗುಳ ನಿಂತಿತ್ತು. ಇಪ್ಪತ್ತು ವರ್ಷದಲ್ಲಿ ಇದೇ ಮೊದಲು. ಬೇಕೆಂದೇ ಅವಳ ಎಲೆಅಡಿಕೆ ಚೀಲವನ್ನು ನೆಲಕ್ಕೆ ಬೀಳಿಸಿದ. ಅವಳು ಏನೂ ಅನ್ನಲಿಲ್ಲ. ಅವನು ಎದ್ದು ಕೌಂಟರಿಗೆ ಓಡಿದ.

“ಸಾಮಿ, ನಮ್ಮತ್ತೆ ಬೈತಾ ಇಲ್ಲ.”

ಇದನ್ನು ಎಲ್ಲಿ ಬರೆಯಬೇಕೆಂದು ಕೌಂಟರಿನವನು ಕಂಪ್ಯೂಟರಿನಲ್ಲಿ ಜಾಗ ಹುಡುಕಿದ. ಸಿಗಲಿಲ್ಲ. ಒಳಗಿದ್ದ ಡಾಕ್ಟರಿಗೆ ಆ ಮಾತು ಕೇಳಿಸಿತು. ಅವರು ಕುರ್ಚಿಯಿಂದ ಎದ್ದು ಬಂದು, ಅಜ್ಜಿಯ ಬಳಿ ಕುಕ್ಕರುಗಾಲಲ್ಲಿ ಕೂತು ಪಾದ ನೋಡಿದರು. ಕೂಡಲೇ ಔಷಧಿ ಏರಿತು. ಮೂರನೆಯ ದಿನ ಅಜ್ಜಿ ಎದ್ದು ಕೂತು, ಆಸ್ಪತ್ರೆಯ ಗಂಜಿಗೆ ಉಪ್ಪಿಲ್ಲವೆಂದು ಅಳಿಯನನ್ನು ಬೈದಳು. ಅವನು ಸಂತೋಷಕ್ಕೆ ಅತ್ತುಬಿಟ್ಟ.

ಶಿಷ್ಯ ನಕ್ಕು ನಕ್ಕು ಸುಸ್ತಾದ. ಕಣ್ಣೊರೆಸಿಕೊಂಡು, ಆ ದಣಿದ ಹದ್ದೂ ನಿಜವೇ ಎಂದು ಕೇಳಿದ.

“ಹದ್ದು ನಿಜ, ಆನೆ ನಿಜ, ಡಾಕ್ಟರು ಕುರ್ಚಿಯಿಂದ ಎದ್ದು ಬಂದರು ಅಂದೆನಲ್ಲ, ಆ ಸಣ್ಣದೊಂದನ್ನು ಮಾತ್ರ ನಾನೇ ಸೇರಿಸಿದ್ದು,” ಎಂದರು ಗುರು.