ಅಣ್ಣನ ಆಕ್ಷೇಪ

ಮಂಗಳೂರಿನ ಹತ್ತಿರದ ಒಂದು ಊರಿನಲ್ಲಿ ಜೆಸಿಂತಾ ಎಂಬ ಹುಡುಗಿ ಇದ್ದಳು. ಡಿಗ್ರಿ ಮುಗಿಸಿ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರದ ಎಂ.ಎ.ಗೆ ಸೇರಿದಳು. ಅದನ್ನು ಓದಿದರೆ ಕೆಲಸ ಸಿಗುವುದು ಕಷ್ಟ ಎಂದು ಎಲ್ಲರೂ ಹೇಳಿದರು. ಅವಳಿಗೆ ಕೆಲಸದ ಯೋಚನೆ ಇರಲಿಲ್ಲ. ಅಣ್ಣನ ಬಾಯಿ ಮುಚ್ಚಿಸಬೇಕಿತ್ತು, ಅಷ್ಟೆ.

ಅಣ್ಣ ಗ್ರೆಗರಿ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ತಾಯಿ ತೀರಿಕೊಂಡ ಮೇಲೆ ಅವನು ಚರ್ಚಿಗೆ ಹೋಗುವುದನ್ನು ನಿಲ್ಲಿಸಿದ. ತಂದೆ ಲಿಗೋರಿಯವರು ಚರ್ಚಿನ ಗುರ್ಕಾರರು, ಅಂದರೆ ತಮ್ಮ ವಠಾರದ ಕ್ರೈಸ್ತ ಮನೆಗಳಿಗೆ ಮುಖಂಡರು. ಚರ್ಚಿನ ಪೂಜೆಯನ್ನು ಯಾರಾದರೂ ತಪ್ಪಿಸಿದರೆ ಮನೆಗೇ ಹೋಗಿ ವಿಚಾರಿಸುವವರು. ಅಂಥವರ ಮಗನೇ ಪೂಜೆಗೆ ಬರುತ್ತಿಲ್ಲ. "ದೇವರನ್ನು ಬಿಟ್ಟವನ ಜೊತೆ ನಾನು ಊಟಕ್ಕೆ ಕೂರುವುದಿಲ್ಲ" ಎಂದು ಅವರು ಒಂದು ದಿನ ಹೇಳಿಬಿಟ್ಟರು. ಅಂದಿನಿಂದ ಮಗ ಮೊದಲು ಉಣ್ಣುತ್ತಿದ್ದ, ತಂದೆ ಆಮೇಲೆ. ಜೆಸಿಂತಾ ಎರಡೆರಡು ಸಲ ಬಡಿಸುತ್ತಿದ್ದಳು. ಅಣ್ಣನ ತಲೆಯಲ್ಲಿ ಹೊಕ್ಕಿರುವುದನ್ನು ತರ್ಕದಿಂದ ತೆಗೆದುಹಾಕಿದರೆ ಎಲ್ಲ ಸರಿಹೋಗುತ್ತದೆ ಎಂದು ಅವಳು ನಂಬಿದ್ದಳು.

ಅವಳ ಪ್ರಾಧ್ಯಾಪಕರು ಫಾದರ್ ಬೋನಿಫಾಸ್. ವಯಸ್ಸಾದ ಪಾದ್ರಿ, ಗ್ರೀಕ್ ಚೆನ್ನಾಗಿ ಬಲ್ಲವರು. ಕ್ರಿಸ್ತನಿಗಿಂತ ಎಷ್ಟೋ ಮೊದಲು ಬದುಕಿದ್ದ ಒಬ್ಬ ಗ್ರೀಕ್ ತತ್ವಜ್ಞಾನಿಯ ವಿಚಾರವನ್ನು ಅವರು ಪಾಠ ಮಾಡಿದರು. ಚಲಿಸುವ ಪ್ರತಿಯೊಂದನ್ನೂ ಬೇರೊಂದು ಚಲಿಸುವಂತೆ ಮಾಡುತ್ತದೆ. ಹೀಗೆ ಹಿಂದೆ ಹಿಂದೆ ಹೋದರೆ ತಾನು ಚಲಿಸದೆ ಎಲ್ಲವನ್ನೂ ಚಲಿಸುವಂತೆ ಮಾಡುವ ಮೊದಲನೆಯದೊಂದು ಇರಲೇಬೇಕು. ಸಾವಿರದೈನೂರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ ಕಥೋಲಿಕ ಸಂನ್ಯಾಸಿಯೊಬ್ಬ ಈ ವಾದವನ್ನು ಕೈಗೆತ್ತಿಕೊಂಡು ದೇವಶಾಸ್ತ್ರದ ಅಡಿಪಾಯಕ್ಕೆ ಹಾಕಿದ.

ಜೆಸಿಂತಾ ಬೇಕಾದದ್ದು ಸಿಕ್ಕಿತು ಎಂದುಕೊಂಡಳು. ಆ ವಾರದ ಕೊನೆಗೆ ಹಾಸ್ಟೆಲಿನಿಂದ ಮನೆಗೆ ಹೋದವಳೇ, ಅಣ್ಣ ಊಟಕ್ಕೆ ಕೂತಾಗ ಇಡೀ ವಾದವನ್ನು ಅವನ ಮುಂದಿಟ್ಟಳು. ಗ್ರೆಗರಿ ಮೀನು ಸಾರಿನ ಅನ್ನ ಕಲೆಸುತ್ತಾ ಪೂರ್ತಿ ಕೇಳಿದ.

"ಚೆನ್ನಾಗುಂಟು ಜೆಸ್ಸಿ. ತರ್ಕದಲ್ಲಿ ದೊಡ್ಡ ತಪ್ಪು ನನಗೆ ಕಾಣುವುದಿಲ್ಲ" ಎಂದ. "ಈಗ ಒಂದು ಹೇಳು. ಆ ಮೊದಲನೆಯದಕ್ಕೆ ಮಮ್ಮಿಯ ಹೆಸರು ಗೊತ್ತುಂಟಾ?"

ಗ್ರೆಗರಿ ಕೈ ತೊಳೆದು ಎದ್ದುಹೋದ.

ಸೋಮವಾರ ಅವಳು ಫಾದರ್ ಬೋನಿಫಾಸರಿಗೆ ದೂರು ಹೇಳಿದಳು. "ಫಾದರ್, ತರ್ಕ ಸರಿ ಇದೆ ಅಂತ ಒಪ್ಪಿಕೊಂಡ. ಆಮೇಲೆ ಏನೋ ಸಂಬಂಧವಿಲ್ಲದ್ದು ಕೇಳಿಬಿಟ್ಟ."

"ಏನು ಕೇಳಿದ?"

ಅವಳು ಹೇಳಿದಳು. ಫಾದರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಸಂಬಂಧವಿಲ್ಲದ್ದು ಅಲ್ಲಮ್ಮ. ಆ ಗ್ರೀಕನ ಮೊದಲನೆಯದು ತನ್ನನ್ನು ಮಾತ್ರ ಚಿಂತಿಸುತ್ತದೆ, ಲೋಕದ ಕಡೆ ತಿರುಗಿಯೂ ನೋಡುವುದಿಲ್ಲ. ಸಂನ್ಯಾಸಿಗೆ ಕಷ್ಟವಾದದ್ದು ಅಲ್ಲೇ. ಅವನು ಪ್ರಾರ್ಥಿಸುತ್ತಿದ್ದ ದೇವರು ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆಯುವ ದೇವರು. ಒಂದರಿಂದ ಇನ್ನೊಂದಕ್ಕೆ ದಾರಿ ಮಾಡಲು ಅವನು ಜೀವಮಾನ ಕಳೆದ. ನಿನ್ನಣ್ಣ ಊಟದ ಮಧ್ಯೆ ಅದನ್ನೇ ಕೇಳಿದ್ದಾನೆ."

"ಹಾಗಾದರೆ ಅವನಿಗೆ ಏನು ಉತ್ತರ ಕೊಡಲಿ?"

"ಆ ಪ್ರಶ್ನೆ ಅವನಿಗೆ ಯಾಕೆ ಬಂತು ಎಂಬುದೇ ನಿನಗೆ ಗೊತ್ತಿಲ್ಲ. ಉತ್ತರ ಹೇಗೆ ಕೊಡುತ್ತೀ?"

ಆ ಸಂನ್ಯಾಸಿಗೆ ಒಂದು ಪದ್ಧತಿ ಇತ್ತು. ಯಾವ ವಿಷಯವೇ ಆಗಲಿ, ಮೊದಲು ತನಗೆ ಎದುರಾದ ಆಕ್ಷೇಪಗಳನ್ನು ಬರೆಯುತ್ತಿದ್ದ, ಅದೂ ಎದುರಾಳಿಗಿಂತ ಚೆನ್ನಾಗಿ. ಆಮೇಲೆಯೇ ತನ್ನ ಮಾತು. ಫಾದರ್ ಬೋನಿಫಾಸ್ ತಮ್ಮ ವಿಭಾಗದ ಮೌಖಿಕ ಪರೀಕ್ಷೆಯನ್ನೂ ಹಾಗೆಯೇ ನಡೆಸುತ್ತಿದ್ದರು. ವಿದ್ಯಾರ್ಥಿ ತನ್ನ ನಂಬಿಕೆಯನ್ನು ಒಪ್ಪದ ಒಬ್ಬರನ್ನು ಕರೆತರಬೇಕು. ಅವರ ವಾದವನ್ನು ಅವರೆದುರೇ ಹೇಳಬೇಕು. ಅವರು "ಹೌದು, ನನ್ನ ಮಾತು ಇದೇ" ಎಂದ ಮೇಲೆ ಮಾತ್ರ ಉತ್ತರ ಕೊಡಬಹುದು.

ಹೆಚ್ಚಿನವರು ಹಾಸ್ಟೆಲಿನ ಗೆಳೆಯರನ್ನು ಕರೆತರುತ್ತಿದ್ದರು. ಹೇಳಿಕೊಟ್ಟಂತೆ ಆ ಗೆಳೆಯರು ಆಕ್ಷೇಪಿಸಿ, ಹೇಳಿಕೊಟ್ಟಂತೆ ತಲೆಯಾಡಿಸಿ ಹೋಗುತ್ತಿದ್ದರು. ಜೆಸಿಂತಾಳ ರೂಮಿನ ಗೆಳತಿಯೂ ಸಿದ್ಧಳಿದ್ದಳು. ಒಳ್ಳೆಯ ಅಂಕ ಬಂದರೆ ಅದೇ ವಿಭಾಗದಲ್ಲಿ ಪಿಎಚ್‌ಡಿಗೆ ಸೀಟು ಸಿಗುತ್ತಿತ್ತು. ಅಷ್ಟು ಹೊತ್ತಿಗೆ ಅವಳಿಗೆ ಓದಿನ ರುಚಿ ಹತ್ತಿತ್ತು, ಸೀಟು ಬೇಕೇ ಬೇಕಿತ್ತು. ಆದರೂ ಅಣ್ಣನ ಪ್ರಶ್ನೆ ತಲೆಯಿಂದ ಹೋಗಲಿಲ್ಲ. ಅವಳು ಅಣ್ಣನನ್ನೇ ಕರೆದಳು.

"ಬರುತ್ತೇನೆ. ಆದರೆ ಒಪ್ಪಿಗೆಯಾಗದ್ದಕ್ಕೆ ತಲೆಯಾಡಿಸುವುದಿಲ್ಲ" ಎಂದ ಗ್ರೆಗರಿ.

ಅವಳು ಮೊದಲು ಮನೆಯಲ್ಲೇ ಹೇಳಿ ನೋಡಿದಳು. ವಿಜ್ಞಾನ ಎಲ್ಲವನ್ನೂ ವಿವರಿಸುತ್ತದೆ, ಆದ್ದರಿಂದ ದೇವರು ಬೇಕಿಲ್ಲ ಎಂದು ಅಣ್ಣ ನಂಬಿದ್ದಾನೆ ಎಂದಳು. ಗ್ರೆಗರಿ ಅಲ್ಲವೆಂದು ತಲೆ ಅಲ್ಲಾಡಿಸಿದ. "ನಾನು ಯಾವತ್ತು ಹಾಗೆ ಹೇಳಿದೆ?" ಚರ್ಚಿನವರ ಆಡಂಬರ ನೋಡಿ ಬೇಸತ್ತಿದ್ದಾನೆ ಎಂದಳು. "ಅದೂ ಅಲ್ಲ."

"ಮತ್ತೆ ಏನು? ನೀನೇ ಹೇಳು."

"ನೀನು ಇಷ್ಟು ವರ್ಷದಲ್ಲಿ ಕೇಳಲೇ ಇಲ್ಲವಲ್ಲ" ಎಂದು ಅವನು ಹಿತ್ತಿಲ ಮೆಟ್ಟಿಲಿನ ಮೇಲೆ ಕೂತ. ಅವಳೂ ಪಕ್ಕದಲ್ಲಿ ಕೂತಳು. ಆ ಸಂಜೆ ಅವಳು ವಾದ ಮಾಡಲಿಲ್ಲ. ಕೇಳಿದಳು.

ಪರೀಕ್ಷೆಯ ದಿನ ಲಿಗೋರಿಯವರೂ ಬಂದರು. ಮಗಳ ಪರೀಕ್ಷೆ ಎಂದು ಬಂದರೇ ಹೊರತು ಮಗನ ಜೊತೆ ಬಂದದ್ದಲ್ಲ. ಮಗ ಬೇರೆ ಬಸ್ಸಿನಲ್ಲಿ ಬಂದ. ತಂದೆ ಹಿಂದಿನ ಬೆಂಚಿನಲ್ಲಿ ಕೂತರು. ಫಾದರ್ ಬೋನಿಫಾಸರ ಪಕ್ಕದಲ್ಲಿ ಹೊರಗಿನ ವಿಶ್ವವಿದ್ಯಾಲಯದಿಂದ ಬಂದ ಪರೀಕ್ಷಕರಿದ್ದರು.

ಜೆಸಿಂತಾ ಎದ್ದು ನಿಂತು ಅಣ್ಣನ ಆಕ್ಷೇಪವನ್ನು ಹೇಳಿದಳು.

"ನಮ್ಮ ತಾಯಿಗೆ ಕಿಡ್ನಿ ಹೋಗಿತ್ತು. ಮನಸ್ಸಿಟ್ಟು ಪ್ರಾರ್ಥಿಸಿದರೆ ಗುಣವಾಗುತ್ತಾರೆ ಎಂದು ಪ್ರಾರ್ಥನೆಗೆ ಬಂದವರು ಅಣ್ಣನಿಗೆ ಹೇಳಿದರು. ಅವನು ಆಸ್ಪತ್ರೆಯ ನೆಲದ ಮೇಲೆ ಮೊಣಕಾಲೂರಿ ಪ್ರಾರ್ಥಿಸಿದ. ತಾಯಿ ತುಂಬ ನೋವು ತಿಂದು ಸತ್ತರು. ನಿನ್ನ ವಿಶ್ವಾಸ ಸಾಲಲಿಲ್ಲ ಎಂದು ಆ ಪ್ರಾರ್ಥನೆಯವರೇ ಆಮೇಲೆ ಹೇಳಿದರು. ಅಣ್ಣ ಕೇಳುವುದು ಇಷ್ಟು. ದೇವರು ಇಲ್ಲದಿದ್ದರೆ ತಾಯಿ ರೋಗದಿಂದ ಸತ್ತರು, ಅಷ್ಟೆ. ದೇವರು ಇದ್ದು, ಒಳ್ಳೆಯವನಾಗಿದ್ದು, ಅವರ ಹೆಸರೂ ಅವನಿಗೆ ಗೊತ್ತಿದ್ದರೆ, ಆ ಹಾಸಿಗೆಯ ಹತ್ತಿರ ಅವನು ಯಾಕೆ ಸುಮ್ಮನಿದ್ದ? ಅಣ್ಣನಿಗೆ ದೇವರ ಮೇಲೆ ದ್ವೇಷವಿಲ್ಲ. ಒಳಗೊಂದು ಇಟ್ಟುಕೊಂಡು ಬಾಯಲ್ಲಿ ಸ್ತುತಿ ಹಾಡಲು ಅವನಿಂದಾಗುವುದಿಲ್ಲ. ಅದಕ್ಕೇ ಚರ್ಚಿಗೆ ಹೋಗುವುದಿಲ್ಲ."

ಫಾದರ್ ಬೋನಿಫಾಸ್ ಗ್ರೆಗರಿಯ ಕಡೆ ನೋಡಿದರು.

"ಹೌದು" ಎಂದ ಅವನು. "ನನ್ನ ಮಾತು ಇದೇ."

"ಈಗ ಉತ್ತರ" ಎಂದರು ಹೊರಗಿನ ಪರೀಕ್ಷಕರು.

ಜೆಸಿಂತಾಳಿಗೆ ಉತ್ತರ ಬಾಯಿಪಾಠವಿತ್ತು. ಗ್ರೀಕನ ಮೊದಲನೆಯದರಿಂದ ಹೊರಟಳು. ಎಲ್ಲಕ್ಕೂ ಇರವು ಕೊಟ್ಟವನು ಎಲ್ಲವನ್ನೂ ಅರಿತಿರಲೇಬೇಕು ಎಂದು ಸಂನ್ಯಾಸಿ ಮಾಡಿದ ದಾರಿಯನ್ನು ಹೇಳಿದಳು. ಕೆಡುಕಿನಿಂದಲೂ ಒಳಿತನ್ನು ಹೊರತೆಗೆಯಬಲ್ಲವನಾದ್ದರಿಂದಲೇ ದೇವರು ಕೆಡುಕಿಗೆ ಎಡೆಕೊಡುತ್ತಾನೆ ಎಂಬ ಅವನ ಮಾತನ್ನೂ ಹೇಳಿದಳು. ಅಲ್ಲಿಗೆ ನಿಲ್ಲಿಸಿದ್ದರೆ ಅಂಕಕ್ಕೆ ಸಾಕಿತ್ತು. ಅಣ್ಣ ನೆಲ ನೋಡುತ್ತಾ ಕೂತಿದ್ದ.

"ಲೋಕದ ಬಗ್ಗೆ ಕೇಳಿದರೆ ಇದು ಒಳ್ಳೆಯ ಉತ್ತರ ಸರ್" ಎಂದಳು ಅವಳು. "ಆ ಒಂದು ಹಾಸಿಗೆಯ ಬಗ್ಗೆ ಕೇಳಿದರೆ ಇದು ಅಲ್ಲಿಗೆ ಮುಟ್ಟುವುದಿಲ್ಲ. ಯಾವ ಒಳಿತು ಹೊರಬಂತು ಎಂದು ನನಗೆ ತೋರಿಸಲು ಆಗುವುದಿಲ್ಲ."

"ಅಂದರೆ ಆಕ್ಷೇಪ ಹಾಗೆಯೇ ನಿಂತಿತು?"

"ಸದ್ಯಕ್ಕೆ ನಿಂತಿದೆ. ಆದರೂ ನಾನು ದೇವರನ್ನು ನಂಬುತ್ತೇನೆ. ಎರಡೂ ನಿಜ. ಒಂದನ್ನು ಮುಚ್ಚಿಟ್ಟು ಇನ್ನೊಂದನ್ನು ಹೇಳಲಾರೆ."

ಆಕ್ಷೇಪಕ್ಕೆ ಪೂರ್ಣ ಸಮಾಧಾನವಿಲ್ಲ ಎಂದು ಪರೀಕ್ಷಕರು ಅಂಕ ಕಡಿಮೆ ಮಾಡಿದರು. ಫಾದರ್ ಬೋನಿಫಾಸ್ ವಾದಿಸಿ ನೋಡಿದರು, ಅವರು ಒಪ್ಪಲಿಲ್ಲ. ಆ ವರ್ಷದ ಸೀಟು ಬೇರೆಯವರಿಗೆ ಹೋಯಿತು.

ಜೆಸಿಂತಾ ಹೊರಗೆ ಬಂದಾಗ ತಂದೆ ಜಗಲಿಯ ಕಂಬದ ಹತ್ತಿರ ನಿಂತಿದ್ದರು. ಗ್ರೆಗರಿ ದೂರದಲ್ಲಿದ್ದ. ಲಿಗೋರಿಯವರು ತಾವಾಗಿಯೇ ಅವನ ಹತ್ತಿರ ನಡೆದುಹೋದರು.

"ವಿಶ್ವಾಸ ಸಾಲಲಿಲ್ಲ ಅಂತ ನಿನಗೆ ಹೇಳಿದರಾ?"

"ಹೂಂ."

"ನನಗೂ ಹೇಳಿದರು" ಎಂದರು ಲಿಗೋರಿಯವರು. "ನೀನು ಕೇಳಿದ್ದನ್ನೇ ನಾನೂ ಕೇಳುತ್ತಿದ್ದೇನೆ ಮಗಾ, ಶಿಲುಬೆಯ ಮುಂದೆ ಕೂತು. ನೀನು ಚರ್ಚಿನಿಂದ ಹೊರಗೆ ಬಂದು ಕೇಳಿದೆ, ನಾನು ಒಳಗೆ ಕೂತು ಕೇಳಿದೆ. ನಿನ್ನ ಮುಖ ನೋಡಿದರೆ ನನ್ನದೇ ಪ್ರಶ್ನೆ ನೆನಪಾಗುತ್ತಿತ್ತು. ಅದಕ್ಕೇ ನಿನ್ನ ಎದುರು ಕೂರಲು ಆಗುತ್ತಿರಲಿಲ್ಲ."

ಗ್ರೆಗರಿ ತಂದೆಯ ಕೈಯಲ್ಲಿದ್ದ ಕೊಡೆಯನ್ನು ತೆಗೆದುಕೊಂಡ. ಮೂವರೂ ಕ್ಯಾಂಟೀನಿಗೆ ಹೋಗಿ ಒಂದೇ ಮೇಜಿಗೆ ಕೂತರು. ಲಿಗೋರಿಯವರು ಎಲ್ಲರಿಗೂ ಬನ್ಸ್ ಮತ್ತು ಚಹಾ ಹೇಳಿದರು.

ಗ್ರೆಗರಿ ಮತ್ತೆ ಚರ್ಚಿಗೆ ಹೋಗಲು ಶುರುಮಾಡಿದ ಎಂದು ತಿಳಿಯಬೇಡಿ, ಹಾಗಾಗಲಿಲ್ಲ. ಆದರೆ ಮನೆಯಲ್ಲಿ ತಂದೆ ಮಗ ಮಾತಾಡತೊಡಗಿದರು. ಕೆಲವು ಸಲ ಜೋರಾಗಿಯೇ. ಜೆಸಿಂತಾ ಊರಿನ ಕಾಲೇಜೊಂದರಲ್ಲಿ ಪಾಠಕ್ಕೆ ಸೇರಿ, ಮರುವರ್ಷ ಮತ್ತೆ ಸೀಟಿಗೆ ಅರ್ಜಿ ಹಾಕಿದಳು. ಯಾವ ವಿಷಯದ ಮೇಲೆ ಸಂಶೋಧನೆ ಎಂದು ಕೇಳಿದ್ದಕ್ಕೆ, ಹಿಂದಿನ ಸಲ ಉತ್ತರ ಸಾಲದೆ ಹೋದ ಆ ಆಕ್ಷೇಪದ ಮೇಲೆ ಎಂದಳು.

ನೀತಿ: ಎದುರಿನವರ ಮಾತನ್ನು ಅವರೇ ಹೌದೆನ್ನುವ ಹಾಗೆ ಹೇಳಲು ಬರುವ ತನಕ ಅವರಿಗೆ ಉತ್ತರ ಕೊಡುವ ಅಧಿಕಾರ ನಮಗಿಲ್ಲ. ಪೂರ್ತಿ ಕೇಳಿದ ಮೇಲೂ ನಮ್ಮ ಉತ್ತರ ಸಾಲದೆ ಹೋಗಬಹುದು. ಸಾಲದು ಎಂದು ಒಪ್ಪಿಕೊಂಡರೆ ನಂಬಿಕೆಗೆ ಕುಂದಿಲ್ಲ, ಮನುಷ್ಯರೂ ಹತ್ತಿರವಾಗುತ್ತಾರೆ.