ಮಲಕಪ್ಪನ ಗಿಡ್ಡ ಬಂದೂಕು

ಬಂದೂಕಿದ್ದ ತೋಟಕ್ಕೆ ಹಕ್ಕಿ ಇಳಿಯುವುದಿಲ್ಲ ಎಂದು ಆ ಊರಿನವರೆಲ್ಲ ನಂಬಿದ್ದರು. ವಿಜಯಪುರದ ಕಡೆಯ ದ್ರಾಕ್ಷಿ ಬೆಳೆಯುವ ಊರು ಅದು. ಧೂಳಪ್ಪ ಎಂಬ ಹಿರಿಯ ಒಂದು ಉದ್ದನೆಯ ಗಾಳಿ ಬಂದೂಕು ತಂದ ವರ್ಷ, ಅವನ ತೋಟದ ಒಂದು ಗೊಂಚಲಿಗೂ ಕೊಕ್ಕು ತಾಗಲಿಲ್ಲ. ಅವನ ಬೇಲಿಗೆ ಹತ್ತಿಕೊಂಡೇ ಕಲ್ಲು ಒಡೆಯುವ ಯಂತ್ರವೊಂದು ಹಗಲಿಡೀ ಗುಡುಗುತ್ತಿತ್ತು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಊರವರು ತಗಡು ಬಡಿಯುವುದನ್ನು ಬಿಟ್ಟರು, ಹೋ ಎಂದು ಕೂಗುವುದನ್ನು ಬಿಟ್ಟರು, ಕಟ್ಟೆಯ ಮೇಲೆ ಕೂತು ಬಂದೂಕಿನ ಮಾತಾಡತೊಡಗಿದರು.

ಅದೇ ಊರಲ್ಲಿ ಚಂದವ್ವ ಎಂಬ ವಿಧವೆ. ಅವಳಿಗೆ ಒಂದು ದ್ರಾಕ್ಷಿ ತೋಟ, ಒಬ್ಬ ಮಗ. ತೋಟದ ಮೇಲೆ ಅವಳಿಗೆ ಭರವಸೆಯಿತ್ತು. ಮಗನ ಹೆಸರು ಮಲಕಪ್ಪ. ಹೇಳಿದ್ದನ್ನು ಹೇಳಿದಷ್ಟೇ ಮಾಡುವವನು. ಒಲೆಯ ಮೇಲಿನ ಹಾಲು ಉಕ್ಕಿದರೆ ಕೂಗು ಎಂದರೆ, ಹಾಲು ಪೂರ್ತಿ ಉಕ್ಕಿ ಒಲೆ ಆರಿದ ಮೇಲೆ ಕೂಗುವವನು. ಆದರೂ ತನ್ನ ಮೇಲೆ ಅವನಿಗಿದ್ದ ವಿಶ್ವಾಸ ಊರಲ್ಲಿ ಇನ್ಯಾರಿಗೂ ತಮ್ಮ ಮೇಲೆ ಇರಲಿಲ್ಲ.

ಆ ವರ್ಷ ಕಾಯಿಗೆ ಸಿಹಿ ತುಂಬುವ ಹೊತ್ತಿಗೆ ಗೊರವಂಕ, ಪಿಕಳಾರ, ಗಿಳಿ ಎಲ್ಲ ಬಂದಿಳಿದವು. ದ್ರಾಕ್ಷಿ ಕೊಳ್ಳುವ ದಲ್ಲಾಳಿ ಪಾರಸಣ್ಣ ಇನ್ನು ಕೆಲವೇ ದಿನಗಳಲ್ಲಿ ತೋಟ ನೋಡಲು ಬರುವವನಿದ್ದ. ಹಕ್ಕಿ ಕುಕ್ಕಿದ ತೋಟವಾದರೆ ಅವನು ಗಾಡಿಯಿಂದ ಇಳಿಯುವವನೂ ಅಲ್ಲ. ಅವನು ಇಳಿಯದಿದ್ದರೆ ಚಂದವ್ವ ಬಳ್ಳಿ ಕಡಿದುಹಾಕಿ ಬೇರೆಯವರ ತೋಟಕ್ಕೆ ಕೂಲಿಗೆ ಹೋಗಬೇಕು. ವಿಷಯ ಅಷ್ಟೇ.

"ಮಲಕ್ಯಾ," ಎಂದಳು ಚಂದವ್ವ, "ಶಹರಕ್ಕ ಹೋಗಿ ಒಂದು ಗಾಳಿ ಬಂದೂಕು ತಾ. ಹಕ್ಕಿ ಕೊಲ್ಲಾಕಲ್ಲ, ಹೆದರಸಾಕ! ಧೂಳಪ್ಪನ ಬಂದೂಕಿನಂಗ ಉದ್ದಂದು ಬ್ಯಾಡ, ಚಪ್ಪರದ ತಂತಿಗೆ ಸಿಗತೈತಿ. ಗಿಡ್ಡಂದು ನೋಡು. ಬಗ್ಗಿ ನುಸುಳಿದ್ರೂ ಎಲ್ಲೂ ತೊಡರಬಾರದು. ಅಂಗಡಿಯಾಂವ ಬಲೇ ಮಾತುಗಾರ. ಅವನ ಒಂದು ಮಾತೂ ಕಿವಿಗೆ ಹಾಕೋಬ್ಯಾಡ!"

"ಆತು ಯವ್ವಾ!"

ಮಲಕಪ್ಪ ಬಸ್ಸಿನಿಂದ ಇಳಿದ ಕೂಡಲೇ ಹತ್ತಿ ಕೊಂಡ. ಎರಡೂ ಕಿವಿಗೆ ಗಟ್ಟಿಯಾಗಿ ತುರುಕಿದ. ಅಂಗಡಿಗೆ ಹೋದ.

ಅಂಗಡಿಯ ಮಾಲೀಕ ಇನಾಮದಾರ ಒಂದೊಂದೇ ಬಂದೂಕು ತೆಗೆದು ಮೇಜಿನ ಮೇಲಿಟ್ಟ. ಮಲಕಪ್ಪ ಒಂದೊಂದನ್ನೇ ಹೆಗಲಿಗೆ ಹಾಕಿಕೊಂಡು ಆ ಮೇಜಿನ ಅಡಿಯಲ್ಲಿ ನುಸುಳಿದ. ಮೊದಲನೆಯದು ಮೇಜಿನ ಕಾಲಿಗೆ ಸಿಕ್ಕಿತು. ಅದು ಬೇಡ. ಎರಡನೆಯದು ಇನಾಮದಾರನ ಧೋತರಕ್ಕೆ ಸಿಕ್ಕಿತು. ಅದೂ ಬೇಡ. ಕೊನೆಗೊಂದು ಗಿಡ್ಡ ಬಂದೂಕು ಎಲ್ಲಿಯೂ ತೊಡರದೆ ಆಚೆ ಬಂತು.

"ಶಾಣ್ಯಾ ಅದಿಯೋ ತಮ್ಮಾ!" ಎಂದ ಇನಾಮದಾರ. "ಇದಕ್ಕ ಬುಲ್‌ಪಪ್ ಅಂತಾರ. ಬೆರಳಿಟ್ಟು ಎಳಿಯೋ ಕುದುರಿ ಮುಂದ, ಯಂತ್ರ ಹಿಂದ ಹೆಗಲಿಗೆ ಹತ್ತಿ ಇರತೈತಿ. ನಳಿಗಿ ಉದ್ದನ, ಬಂದೂಕು ಗಿಡ್ಡ. ಆದ್ರ ಇದಕ್ಕ ಗಾಳಿ ತುಂಬೋ ಪಂಪು ಬ್ಯಾರೇನ ಒಯ್ಯಬೇಕು ನೋಡು. ಪಂಪಿಲ್ಲಂದ್ರ ಇದು ಬರೇ ಬಡಿಗಿ."

ಮಲಕಪ್ಪ ನಕ್ಕ. ದುಡ್ಡು ಕೊಟ್ಟ. ಹೊರಟ.

ಆಯ್ಕೆಯೇನೋ ತಪ್ಪಿರಲಿಲ್ಲ. ಓದು ಬರಹ ಬಲ್ಲವರು ಇದಕ್ಕಿಂತ ಕೆಟ್ಟ ರೀತಿಯಲ್ಲಿ ಬಂದೂಕು ಆರಿಸುತ್ತಾರೆ.

ತೋಟದಲ್ಲಿ ಚಂದವ್ವ ಬಂದೂಕನ್ನು ತಿರುಗಿಸಿ ನೋಡಿದಳು. ಚಪ್ಪರದ ಕೆಳಗೆ ಹಿಡಿದು ಓಡಾಡಿದಳು. ಎಲ್ಲಿಯೂ ತಾಗಲಿಲ್ಲ. ಹಿಗ್ಗಿದಳು. ಕುದುರೆ ಎಳೆದಳು. ಸದ್ದೂ ಇಲ್ಲ, ಸುದ್ದಿಯೂ ಇಲ್ಲ.

"ಗಾಳಿ ಎಲ್ಲೈತೋ ಇದರಾಗ?"

"ಗಾಳಿ ಎಲ್ಲಾ ಕಡೆ ಐತಲ್ಲ ಯವ್ವಾ!"

"ಇದರೊಳಗ ತುಂಬಬೇಕೋ ಖೋಡಿ! ಅಂಗಡಿಯಾಂವ ಹೇಳಲಿಲ್ಲೇನು?"

"ಹೇಳಿರಬೇಕು. ಬಾಯಿ ಆಡತಿತ್ತು!" ಎಂದು ಮಲಕಪ್ಪ ಕಿವಿಗೆ ತುರುಕಿದ್ದ ಹತ್ತಿಯನ್ನು ಕಿಸೆಯಿಂದ ತೆಗೆದು ತೋರಿಸಿದ.

ಚಂದವ್ವನ ಗಂಟಲು ಸಣ್ಣದಲ್ಲ. ಅವಳು ಬೈಯತೊಡಗಿದಾಗ ಕಲ್ಲು ಒಡೆಯುವವರು ಯಂತ್ರ ನಿಲ್ಲಿಸಿ ಕೇಳಿದರು. ಚಪ್ಪರದ ಮೇಲಿದ್ದ ಗೊರವಂಕಗಳು ಎದ್ದು ಹಳ್ಳದಾಚೆಗೆ ಹೋದವು.

"ಅಂಗಡಿಗೆ ಹೋದ ಮ್ಯಾಲೆ ಅಂಗಡಿಯಾಂವ ಹೇಳಿದ್ದಕ್ಕೆಲ್ಲ ಹೂಂ ಅನಬೇಕೋ! ಹೂಂ ಅಂದು, ಅಂವ ಕೊಟ್ಟದ್ದು ತರಬೇಕು!"

"ಆತು ಯವ್ವಾ! ಇಷ್ಟ ಹೌದಿಲ್ಲೋ?"

ಮರುದಿನ ಮಲಕಪ್ಪ ಬಂದೂಕನ್ನೂ ಹೊತ್ತುಕೊಂಡು ಅಂಗಡಿಗೆ ಹೋದ.

"ಪಂಪು ಬೇಕೇನು?" ಎಂದ ಇನಾಮದಾರ.

"ಹೂಂ!"

"ದುರ್ಬೀನೂ ಕೂಡಸಲೇನು? ದೂರಿಂದು ಹತ್ರ ಕಾಣತೈತಿ."

"ಹೂಂ!"

"ಊರಿಕೊಂಡು ನಿಲ್ಲಾಕ ಎರಡು ಕಾಲು?"

"ಹೂಂ!"

"ಹಿಂದೊಂದು ಮರದ ಹಿಡಿಕಿ? ಮುಂದೊಂದು ಸದ್ದು ಅಡಗಸೋ ಕೊಳವಿ?"

"ಹೂಂ! ಹೂಂ!"

ಇನಾಮದಾರನಿಗೆ ಸಂಶಯ ಬಂತು. "ತಮ್ಮಾ, ನಾ ನಿನಗ ಮೋಸ ಮಾಡಾಕತ್ತೀನಿ ಅನಸತೈತೇನು?"

"ಹೂಂ!"

ಇನಾಮದಾರನ ಮುಖ ಸಣ್ಣದಾಯಿತು. ಆದರೂ ಕೈ ನಿಲ್ಲಲಿಲ್ಲ. ಎಲ್ಲ ಜೋಡಿಸಿದ. ಮಲಕಪ್ಪನ ಕಿಸೆಯಲ್ಲಿದ್ದುದೆಲ್ಲ ತೀರಿತು.

"ಬಸ್ಸಿಗೂ ಉಳೀಲಿಲ್ಲಲ್ಲೋ. ಊರತನಕ ನಡಕೊಂತ ಹೋಗತೀಯೇನು?"

"ಹೂಂ!"

ನಡೆದುಕೊಂಡೇ ಬಂದ. ಎದೆಯುಬ್ಬಿಸಿಕೊಂಡು ಬಂದ. ಬಂದೂಕು ಈಗ ಧೂಳಪ್ಪನ ಬಂದೂಕಿಗಿಂತ ಒಂದು ಮೊಳ ಉದ್ದವಾಗಿತ್ತು. ತೋಟದೊಳಗೆ ಹೆಜ್ಜೆಯಿಟ್ಟ ಕೂಡಲೇ ಕೊಳವೆ ಒಂದು ತಂತಿಗೆ, ಹಿಡಿಕೆ ಇನ್ನೊಂದು ತಂತಿಗೆ ಸಿಕ್ಕಿ, ಮಲಕಪ್ಪ ನಡುವೆ ಜೋತಾಡಿದ.

"ಗಿಡ್ಡಂದು ತಂದು ಉದ್ದ ಮಾಡಿಕೊಂಡು ಬಂದೆಲ್ಲೋ!" ಚಂದವ್ವ ಹಣೆ ಬಡಿದುಕೊಂಡಳು. "ಹಕ್ಕಿ ಹೆದರೋದ ಸದ್ದಿಗೆ! ಸದ್ದು ಅಡಗಸೋ ಕೊಳವಿ ಯಾಕ ತಂದ್ಯೋ!"

"ಹೂಂ ಅನ್ನು ಅಂದಿದ್ದಿ ಯವ್ವಾ!"

ಮತ್ತೆ ಬೈಗುಳ. ಮತ್ತೆ ಊರಿಗೆಲ್ಲ ಕೇಳಿತು. ಗಿಳಿಗಳು ಗಿಡ ಬಿಟ್ಟು ಎದ್ದವು.

"ಎಲ್ಲಾ ಬಿಚ್ಚೋ! ಬಂದೂಕಿಗೆ ಹತ್ತಿದ್ದು ಒಂದೂ ಇರಬಾರದು! ಬಿಚ್ಚಿ ಒಗಿ!"

"ಆತು ಯವ್ವಾ! ಈಗ ಸರಳಾತು!"

ಮಲಕಪ್ಪ ಮನೆಯಿಂದ ತಿರುಪು ಬಿಚ್ಚುವ ಪಾನಾ, ತಿರುಪುಳಿ ತಂದು ಕೌದಿ ಹಾಸಿ ಕೂತ. ಕೊಳವೆ ಬಿಚ್ಚಿದ. ಹಿಡಿಕೆ ಬಿಚ್ಚಿದ. ದುರ್ಬೀನು ಬಿಚ್ಚಿದ. ಎರಡು ಕಾಲು ಬಿಚ್ಚಿದ. ನಂತರ ಕೆನ್ನೆಯಾನಿಸುವ ಪಟ್ಟಿ ಬಿಚ್ಚಿದ, ಅದೂ ಹತ್ತಿತ್ತು. ಕುದುರೆ ಬಿಚ್ಚಿದ, ಅದೂ ಹತ್ತಿತ್ತು. ಗಾಳಿ ತುಂಬುವ ಸಿಲಿಂಡರ್ ಬಿಚ್ಚಿದ. ಕೊನೆಗೆ ಬರೀ ನಳಿಗೆ ಉಳಿಯಿತು. ಅದಕ್ಕೆ ಏನೂ ಹತ್ತಿರಲಿಲ್ಲ. ಮಲಕಪ್ಪನಿಗೆ ಸಮಾಧಾನವಾಯಿತು.

"ಯವ್ವಾ, ಇಷ್ಟು ಗಿಡ್ಡ ಬಂದೂಕು ಅಂಗಡಿಯಾಗೂ ಇರಲಿಲ್ಲ!"

ಚಂದವ್ವ ಕೌದಿ ನೋಡಿದಳು. ಉಳಿದದ್ದು ನೀವೇ ಊಹಿಸಿ. ಬೈಗುಳ ಮುಗಿಯುವ ಹೊತ್ತಿಗೆ ಹೊತ್ತು ಇಳಿದಿತ್ತು, ಅವಳ ದನಿಯೂ ಸ್ವಲ್ಪ ಒಡೆದಿತ್ತು.

"ಧೂಳಪ್ಪ ಕಾಕಾನ ಹತ್ರ ಒಯ್ಯಿ. ಅಂವ ಬಂದೂಕು ಬಲ್ಲಾಂವ. ಅಂವ ಹೆಂಗ ಮಾಡತಾನ ನೋಡು. ಹಂಗ ಮಾಡು!"

"ಆತು ಯವ್ವಾ!"

ಧೂಳಪ್ಪ ಒಳ್ಳೆಯವನು. ಮರುದಿನ ಬೆಳಿಗ್ಗೆ ಗೊಣಗುತ್ತಲೇ ತಿರುಪು ತಿರುಪಾಗಿ ಕೂಡಿಸಿದ. ಬೇಕಾದ್ದನ್ನು ಮಾತ್ರ ಕೂಡಿಸಿದ. ಬಂದೂಕು ಮತ್ತೆ ಗಿಡ್ಡವಾಯಿತು. ಆಮೇಲೆ ಪಂಪು ಹಿಡಿದು ಬಗ್ಗಿ ಎದ್ದು, ಬಗ್ಗಿ ಎದ್ದು ಗಾಳಿ ತುಂಬಿದ. ಮಲಕಪ್ಪನೂ ಪಕ್ಕದಲ್ಲಿ ಬರಿಗೈಯಲ್ಲಿ ಬಗ್ಗಿ ಎದ್ದ, ಬಗ್ಗಿ ಎದ್ದ.

"ನೀ ಯಾಕೋ ಏಳಾಕತ್ತಿ?" ಎಂದ ಧೂಳಪ್ಪ, ಏದುಸಿರು ಬಿಡುತ್ತಾ.

"ನೀ ಮಾಡಿದಂಗ ಮಾಡಾಕತ್ತೀನಿ ಕಾಕಾ!" ಎಂದ ಮಲಕಪ್ಪನೂ ಏದುಸಿರು ಬಿಟ್ಟ.

ಕೆಲಸ ಮುಗಿಸಿ ಧೂಳಪ್ಪ ತನ್ನ ತೋಟಕ್ಕೆ ಕಾವಲಿಗೆ ಹೋದ. ತನ್ನ ಉದ್ದನೆಯ ಬಂದೂಕನ್ನು ಬೇವಿನ ಮರಕ್ಕೆ ಆನಿಸಿದ. ತಂಬಾಕು ಬಾಯಿಗೆ ಹಾಕಿದ. ಮುಖದ ಮೇಲೆ ಟವೆಲು ಎಳೆದುಕೊಂಡು ಮಲಗಿದ. ಆಚೆ ಕಲ್ಲಿನ ಯಂತ್ರ ಗುಡುಗುತ್ತಿತ್ತು. ಅವನ ಕಾವಲು ಅಷ್ಟೇ. ಹಿಂದೆಯೇ ಹೋಗಿದ್ದ ಮಲಕಪ್ಪ ಎಲ್ಲವನ್ನೂ ನೋಡಿಕೊಂಡ. ತಿರುಗಿ ಬಂದು ತನ್ನ ತೋಟದಲ್ಲಿ ಬಂದೂಕನ್ನು ಕಂಬಕ್ಕೆ ಆನಿಸಿದ, ಮುಖದ ಮೇಲೆ ಟವೆಲು ಎಳೆದುಕೊಂಡು ಮಲಗಿದ.

ಚಂದವ್ವ ರೊಟ್ಟಿಬುತ್ತಿ ಹೊತ್ತು ಬಂದಾಗ ಅಂಚಿನ ಸಾಲಿನಲ್ಲಿ ಹಕ್ಕಿಗಳು ಪಂಕ್ತಿ ಊಟಕ್ಕೆ ಕೂತಿದ್ದವು.

"ಏಳೋ! ಏಳೋ ಮುಠ್ಠಾಳಾ! ತೋಟ ಕಾಯಾಕ ಬಂದ್ಯೋ, ನಿದ್ದಿ ಮಾಡಾಕ ಬಂದ್ಯೋ!"

"ಕಾಕಾ ಹಿಂಗ ಕಾಯತಾನ ಯವ್ವಾ!"

"ಅವನ ಕಾವಲಿಗೆ ಬೆಂಕಿ ಹಾಕಲಿ! ಕಣ್ಣ ಮುಚ್ಚಬ್ಯಾಡ! ಬಂದೂಕಿನ ಮ್ಯಾಲಿಂದ ಕಣ್ಣ ತಗದಿ ಅಂದ್ರ ನೋಡು ಮತ್ತ!"

ಹಕ್ಕಿಗಳೆಲ್ಲ ಎದ್ದು ಹೋದವು. ಚಂದವ್ವ ಕೆಮ್ಮಿದಳು.

ಮರುದಿನ ಮಲಕಪ್ಪ ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನೇ ದಿಟ್ಟಿಸಿ ಕೂತ. ಅಂಚಿನ ಸಾಲಿನ ಬಳ್ಳಿಗೆ ಗೊರವಂಕ ಬಂತು. ಅವನು ನೋಡಲಿಲ್ಲ. ಗಿಳಿ ಬಂತು. ನೋಡಲಿಲ್ಲ. ಒಂದು ಪಿಕಳಾರ ಬಂದು ನಳಿಗೆಯ ಮೇಲೆಯೇ ಕೂತಿತು. ಅದನ್ನು ನೋಡಿದ, ಏಕೆಂದರೆ ಅದು ಬಂದೂಕಿನ ಮೇಲಿತ್ತು. ಕೈ ಮಾತ್ರ ಎತ್ತಲಿಲ್ಲ. ಕಣ್ಣಿನ ಮಾತು ಬಿಟ್ಟರೆ ಅವ್ವ ಬೇರೇನೂ ಹೇಳಿರಲಿಲ್ಲ.

ಚಂದವ್ವ ಬಂದಳು. ನೋಡಿದಳು. ಆ ದಿನದ ಬೈಗುಳ ಹಿಂದಿನ ಎಲ್ಲ ಬೈಗುಳಗಳನ್ನೂ ಮೀರಿಸಿತು. ಹಳ್ಳದಾಚೆಯ ತೋಟಗಳಿಂದಲೂ ಹಕ್ಕಿ ಎದ್ದವು.

"ನಾಳೆ ಪಾರಸಣ್ಣ ಬರತಾನೋ! ಇವತ್ತ ಕಡೀದು, ನೆಟ್ಟಗ ಕೇಳು! ಹಕ್ಕಿ ಬಂದ್ರ ನೀ ಮೊದಲ..."

ಅಲ್ಲಿಗೆ ಗಂಟಲು ಕಟ್ಟಿತು. ಬಾಯಿ ಆಡಿತು, ಮಾತು ಬರಲಿಲ್ಲ. ಮಲಕಪ್ಪ ಕಿವಿ ಮುಟ್ಟಿ ನೋಡಿಕೊಂಡ. ಹತ್ತಿ ಇರಲಿಲ್ಲ.

ಬೆಳಗಾಯಿತು. ಚಂದವ್ವ ಬಿಸಿನೀರು ಕುಡಿದಳು, ಬೆಲ್ಲ ಮೆಣಸು ಅಗಿದಳು. ದನಿ ಬರಲಿಲ್ಲ. ತೋಟಕ್ಕೆ ಬಂದರೆ ಆಕಾಶದಲ್ಲಿ ಹಕ್ಕಿಗಳು ಸುತ್ತುತ್ತಿದ್ದವು, ಒಂದೊಂದಾಗಿ ಇಳಿಯುತ್ತಿದ್ದವು. ತೋಟ ಸದ್ದಿಲ್ಲದೆ ಇತ್ತು. ಚಂದವ್ವ ಹಕ್ಕಿಗಳನ್ನು ತೋರಿಸಿದಳು. ಬಂದೂಕನ್ನು ತೋರಿಸಿದಳು. ಮಗನನ್ನು ತೋರಿಸಿದಳು. ತಲೆ ಚಚ್ಚಿಕೊಂಡಳು. ಆಮೇಲೆ ಬದುವಿನ ಮೇಲೆ ಕುಸಿದು ಕೂತು ಸೆರಗನ್ನು ಕಣ್ಣಿಗೊತ್ತಿದಳು.

ಮಲಕಪ್ಪ ವಿಚಾರ ಮಾಡಿದ. ಜೀವಮಾನದಲ್ಲಿ ಮೊದಲ ಸಲ ಮಾಡಿದ, ಆದರೂ ಅಳುಕಲಿಲ್ಲ. ಅವ್ವ ಅಳುತ್ತಿದ್ದಾಳೆ. ಯಾಕೆ? ಬೈಯಲು ಆಗುತ್ತಿಲ್ಲ. ಕೆಲಸ ಮಾಡದವರಿಗೆ ಬೈಯಬೇಕು. ಈ ಮನೆಯಲ್ಲಿ ಅದು ದಿನದ ಪದ್ಧತಿ. ಅವ್ವನಿಂದ ಆಗದ ಕೆಲಸ ಮಗ ಮಾಡಬೇಕು. ಇಲ್ಲಿ ಕೆಲಸ ಮಾಡದವರು ಯಾರು? ತಾನಂತೂ ಹೇಳಿದ್ದನ್ನೆಲ್ಲ ಮಾಡಿದ್ದಾನೆ.

ಬಂದೂಕನ್ನು ತೋಟದ ನಡುವಿನ ಕಂಬಕ್ಕೆ ನೆಟ್ಟಗೆ ನಿಲ್ಲಿಸಿದ. ಎದುರಿಗೆ ಸೊಂಟದ ಮೇಲೆ ಕೈಯಿಟ್ಟು ನಿಂತ.

"ಏ ಖೋಡಿ!" ಎಂದು ಕಿರುಚಿದ. ತಾಯಿಯ ಗಂಟಲೇ ಅವನಿಗೂ ಬಂದಿತ್ತು. "ಏ ಮುಠ್ಠಾಳಾ! ಉಂಡು ಮಲಗಾಕ ಬಂದ್ಯೇನೋ ಇಲ್ಲಿಗೆ! ಆರಿಸಿ ತಂದೀನಿ ನಿನ್ನ! ಶಹರದಿಂದ ನಡಕೊಂತ ತಂದೀನಿ! ಬಿಚ್ಚೀನಿ! ಕೂಡಿಸೀನಿ! ನೋಡಿಕೋತ ಕುಂತೀನಿ! ಒಂದು ದಿನಾರ ಬಾಯಿ ಬಿಟ್ಟೀಯೇನೋ!"

ಬಂದೂಕು ಮಾತಾಡಲಿಲ್ಲ. ಮಲಕಪ್ಪನಿಗೆ ಇನ್ನೂ ಸಿಟ್ಟು ಬಂತು. ಸಾಲಿನಿಂದ ಸಾಲಿಗೆ ಬಂದೂಕನ್ನು ಒಯ್ದು ನಿಲ್ಲಿಸಿ, ಪ್ರತಿ ಸಾಲಿನಲ್ಲೂ ಹೊಸದಾಗಿ ಬೈದ. ಇಳಿದ ಹಕ್ಕಿಗಳು ಎದ್ದವು. ಸುತ್ತುತ್ತಿದ್ದ ಹಕ್ಕಿಗಳು ಇಳಿಯಲಿಲ್ಲ.

ಪಾರಸಣ್ಣ ಬಂದ. ಹಿಂದೆ ಧೂಳಪ್ಪನೂ ಊರ ನಾಲ್ಕು ಜನವೂ ಬಂದರು. ಪಾರಸಣ್ಣ ಗಾಡಿಯಿಂದ ಇಳಿದ, ಸಾಲು ಸಾಲು ನಡೆದ, ಗೊಂಚಲು ಎತ್ತಿ ಎತ್ತಿ ನೋಡಿದ. ಅಂಚಿನ ಸಾಲು ಬಿಟ್ಟರೆ ಎಲ್ಲೂ ಕೊಕ್ಕಿನ ಗುರುತಿಲ್ಲ.

"ಅವ್ವಾರ, ಇಡೀ ತೋಟದ ಮಾಲು ನಾನ ಒಯ್ಯತೀನಿ," ಎಂದ. "ಹಕ್ಕಿ ಹೆಂಗ ತಡದ್ರಿ?"

ಚಂದವ್ವ ಕಟ್ಟಿದ ಗಂಟಲು ತೋರಿಸಿದಳು. ಕೈ ಮುಗಿದಳು.

"ಹೆಂಗ ಅಂದ್ರ?" ಎಂದ ಧೂಳಪ್ಪ ಮೀಸೆ ತಿರುವುತ್ತಾ. "ಬಂದೂಕುರೀ! ಬಂದೂಕಿದ್ದ ತೋಟಕ್ಕ ಹಕ್ಕಿ ಇಳಿಯೂದಿಲ್ಲ. ನಾನ ಕೂಡಿಸಿಕೊಟ್ಟೀನಿ."

"ಹೌದು. ಆದ್ರ ಈ ಹುಡುಗ ಅದಕ್ಕ ಯಾಕ ಬೈಯಾಕತ್ತಾನ?" ಎಂದ ಪಾರಸಣ್ಣ.

ಧೂಳಪ್ಪ ಮತ್ತೊಮ್ಮೆ ಮೀಸೆ ತಿರುವಿದ. ತಜ್ಞನಾದವನಿಗೆ ಗೊತ್ತಿಲ್ಲ ಎನ್ನಲು ಬರುವುದಿಲ್ಲ. "ಹೊಸಾ ಬಂದೂಕುರೀ. ಪಳಗಸಾಕತ್ತಾನ."

ಎಲ್ಲರೂ ತಲೆಯಾಡಿಸಿದರು. ಒಬ್ಬ ನಳಿಗೆಯ ಉದ್ದವನ್ನು ಗೇಣಿನಿಂದ ಅಳೆದುಕೊಂಡ. ಇನ್ನೊಬ್ಬ ಅಂಗಡಿಯ ಹೆಸರು ಕೇಳಿಕೊಂಡ. ಮುಂದಿನ ಹಂಗಾಮಿಗೆ ಆ ಊರಿನ ಬಹಳಷ್ಟು ತೋಟಗಳಲ್ಲಿ ಅಂಥದೇ ಗಿಡ್ಡ ಬಂದೂಕುಗಳು ಕಂಬಕ್ಕೆ ಆತು ನಿಂತವು. ಪಾರಸಣ್ಣ ಹೋದ ಊರುಗಳಲ್ಲೆಲ್ಲ ಚಂದವ್ವನ ತೋಟ ಉಳಿಸಿದ ಬಂದೂಕಿನ ಗುಣ ಹೇಳಿದ.

ಆ ಬಂದೂಕಿನಿಂದ ಒಂದು ಗುಂಡೂ ಹಾರಿರಲಿಲ್ಲ.