ಮಾರಕ್ಕನ ಕಂಪ್ಯೂಟರು ಯಾರಿಗೆ ಕಾಯ್ತಿತ್ತು

ಅಯ್ಯೋ ಬನ್ರೋ, ಕೂತ್ಕೊಳ್ರೋ, ಈಗಲೇ ಹೇಳದಿದ್ರೆ ನನ್ನ ಹೊಟ್ಟೆ ಒಡೆದೋಗ್ತದೆ! ನಮ್ಮೂರ ತಾಲ್ಲೂಕಾಫೀಸ್ ಮುಂದೆ ಮಾರಕ್ಕನ ಟೈಪಿಂಗ್ ಅಂಗಡಿ. ಮಾರಕ್ಕಂಗೆ ಒಬ್ಬನೇ ಮಗ, ತಿಪ್ಪೇಶ. ಆಳು ಬಾಗಿಲೆತ್ತರ, ಬುದ್ಧಿ ಹೊಸ್ತಿಲೆತ್ತರ! ಹೇಳಿದ್ದನ್ನ ಹೇಳಿದಂಗೇ ಮಾಡ್ತಾನೆ, ಅದೇ ಅವನ ರೋಗ.

ಅಂಗಡೀಲಿ ವಿಂಡೋಸ್ ಅಲ್ಲ, ಲಿನಕ್ಸ್ ಹಾಕಿರೋ ಒಂದು ಕಂಪ್ಯೂಟರು. ಬೆಳಗ್ಗೆ ಬಟನ್ ಒತ್ತಿದ್ರೆ ಆನ್ ಆಗೋಕೆ ಮೂರು ನಿಮಿಷ! ಕರಿ ಪರದೆ ಮೇಲೆ ಬಿಳಿ ಅಕ್ಷರ ಓಡ್ತಾವೆ, ನಿಂತ್ಕೊತಾವೆ. ಓಡ್ತಾವೆ, ನಿಂತ್ಕೊತಾವೆ. ಅಷ್ಟರಲ್ಲಿ ಗಿರಾಕಿ ಎದುರು ಅಂಗಡಿಗೆ ಪರಾರಿ!

ಒಂದು ಬುಧವಾರ ಹೈಸ್ಕೂಲ್ ಹೆಡ್ ಮೇಡಂ ಬಂದ್ರು. "ಮಾರಕ್ಕಾ, ವರ್ಷದ ಪ್ರಶ್ನೆಪತ್ರಿಕೆಯೆಲ್ಲ ಟೈಪ್ ಮಾಡಿಸ್ಬೇಕು. ಸೋಮವಾರ ಹತ್ತಕ್ಕೆ ಬರ್ತೀನಿ. ನಾನು ಒಂದು ಟೀ ಕುಡಿಯೋದ್ರೊಳಗೆ ನಿಮ್ಮ ಕಂಪ್ಯೂಟರ್ ಆನ್ ಆದ್ರೆ ಕೆಲಸ ನಿಮಗೆ. ಇಲ್ದಿದ್ರೆ ಎದುರುಗಡೆಯವರಿಗೆ!"

ಮಾರಕ್ಕ ಮಗನ್ನ ಕೂಗಿದ್ಲು. "ಲೋ ತಿಪ್ಪೇಶ, ಓಡೋ! ರಿಪೇರಿ ಸಾದಿಕ್ಕಣ್ಣನ್ನ ಕೇಳ್ಕೊಂಡು ಬಾ!"

ಓಡಿದ. ಸಾದಿಕ್ಕಣ್ಣ ಅಂದ, "ಲಿನಕ್ಸಾ? ಸುಲಭ ಕಣೋ. ಆನ್ ಆಗುವಾಗ ಯಾವುದಕ್ಕೆ ಎಷ್ಟು ಹೊತ್ತು ಹಿಡೀತು ಅಂತ ಅದನ್ನೇ ಕೇಳು. ಪಟ್ಟಿ ಕೊಡ್ತದೆ."

ತಿಪ್ಪೇಶ ಬಂದ, ಸ್ಟೂಲ್ ಎಳ್ಕೊಂಡ, ಕಂಪ್ಯೂಟರಿಗೆ ಕಿವಿ ಎಲ್ಲಿದೆ ಅಂತ ಹುಡುಕಿದ. ಸಿಗಲಿಲ್ಲ. ಫ್ಯಾನಿನ ತೂತಿಗೆ ಬಾಯಿಟ್ಟು ಕೂಗಿದ, "ಏನಪ್ಪಾ, ಯಾವುದಕ್ಕೆ ಎಷ್ಟು ಹೊತ್ತಾಯ್ತು?" ಒಂದು ಗಂಟೆ ಕೂಗಿದ! ಗಂಟಲೇ ಕಟ್ಟೋಯ್ತು!

"ಅಯ್ಯೋ ನನ್ನ ಕರ್ಮವೇ! ಬಾಯಲ್ಲಿ ಕೇಳ್ತಾರೇನೋ? ಬೆರಳಲ್ಲಿ ಕುಟ್ಟಿ ಕುಟ್ಟಿ ಕೇಳ್ಬೇಕು ಕಣೋ!"

"ಹೂಂ ಅವ್ವಾ, ಇನ್ಮೇಲೆ ಹಂಗೇ ಮಾಡ್ತೀನಿ!"

ಮಾರನೇ ದಿನ ಮತ್ತೆ ಅಟ್ಟಿದ್ಲು. "ಸಾದಿಕ್ಕಣ್ಣ ಅಂಗಡಿಗೇ ಬರ್ತಾನಾ ಕೇಳು!"

ಹೋದ. ಸಾದಿಕ್ಕಣ್ಣ ಮೇಜಿನ ಕೆಳಗೆ ಬಗ್ಗಿ ಏನೋ ವೈರು ಹುಡುಕ್ತಿದ್ದ. ತಿಪ್ಪೇಶ ಬಾಯೇ ಬಿಡಲಿಲ್ಲ. ಬೆನ್ನ ಮೇಲೆ ಟಕ ಟಕ ಟಕ! ಹತ್ತೂ ಬೆರಳು! ಸಾದಿಕ್ಕಣ್ಣ ಬೆಚ್ಚಿ ಎದ್ದ, ತಲೆ ಮೇಜಿಗೆ ಢಮ್! "ಏನೋ ಇದು?" ಟಕ ಟಕ! "ಬಾಯಿ ಬಿಡೋ ಪುಣ್ಯಾತ್ಮ!" ಟಕ ಟಕ ಟಕ! ಪಾಪ, ತಲೆ ಉಜ್ಜಿಕೊಂಡು ಮಾರಕ್ಕಂಗೆ ದೂರು ಹೇಳೋಕೆ ಅಂತ ತಾನೇ ಅಂಗಡಿಗೆ ಬಂದ!

ಬಂದವನು ಕಂಪ್ಯೂಟರೂ ನೋಡಿದ. "ನೋಡು ಮಾರಕ್ಕಾ, ಬ್ಲೂಟೂತು, ಅದು ಇದು, ಎಲ್ಲಾ ಬೆಳಗ್ಗೇನೇ ಒಟ್ಟಿಗೆ ಏಳ್ತಾವೆ. ತಿಪ್ಪೇಶ, ಕೆಲಸ ಇಲ್ಲದಿರೋದನ್ನ ಬೆಳಗ್ಗೆ ಏಳೋಕೆ ಬಿಡ್ಬಾರದು, ತಿಳೀತಾ? ನಾಳೆ ಬಂದು ಸರಿ ಮಾಡ್ತೀನಿ."

"ಹೂಂ ಅಣ್ಣಾ, ಇನ್ಮೇಲೆ ಹಂಗೇ ಮಾಡ್ತೀನಿ!"

ಮನೇಲಿ ಕೆಲಸ ಇಲ್ಲದಿರೋರು ಯಾರು? ಸೋದರಮಾವ ಜುಂಜಪ್ಪ! ಬೆಳಗ್ಗೆ ಮಾವ ಕಣ್ಣು ಬಿಟ್ರೆ ಎದೆ ಮೇಲೆ ತಿಪ್ಪೇಶ!

"ಏಳ್ಬೇಡ ಮಾವ! ನಿಂಗೆ ಕೆಲಸ ಇಲ್ಲ!"

"ಲೋ, ಇವತ್ತೇ ಕಣೋ ಕೆಲಸಕ್ಕೆ ಸೇರ್ಬೇಕು! ಏಳು ಗಂಟೆ ಬಸ್ಸು!"

"ಹಂಗಾದ್ರೆ ಇನ್ನೂ ಸೇರಿಲ್ಲ. ಮಲಕ್ಕೋ!"

ಬಸ್ಸು ಹೋಯ್ತು. ಮಾವ ಉಳಿದ.

"ಅಯ್ಯೋ ನನ್ನ ಕರ್ಮವೇ! ಹೇಳಿದ್ದು ಕಂಪ್ಯೂಟರ್ ಒಳಗಿರೋದಕ್ಕೆ ಕಣೋ!" ಅಂತ ಮಾರಕ್ಕ ತಲೆ ತಲೆ ಚಚ್ಚಿಕೊಳ್ಳೋ ಹೊತ್ತಿಗೆ ಸಾದಿಕ್ಕಣ್ಣ ಬಂದ, ಕೀಬೋರ್ಡ್ ಕುಟ್ಟಿದ, ಕೂಗಿದ. "ಸಿಕ್ಕಿದ ಕಳ್ಳ! ಯಾವತ್ತೋ ಒಂದು ಪೆನ್‌ಡ್ರೈವ್ ಚುಚ್ಚಿ ಆನ್ ಆಗುವಾಗ ಯಾರಿಗೆ ಕಾಯ್ಬೇಕು ಅನ್ನೋ ಪಟ್ಟೀಲಿ ಅದರ ಹೆಸರು ಬರೆದಿಟ್ಟಿದ್ದಾರೆ. ಅದು ಬರ್ತದೆ ಬರ್ತದೆ ಅಂತ ದಿನಾ ಬೆಳಗ್ಗೆ ತೊಂಬತ್ತು ಸೆಕೆಂಡು ಕಾಯ್ತಾ ಕೂರ್ತದೆ ಈ ಪೆದ್ದು ಕಂಪ್ಯೂಟರು! ತಿಪ್ಪೇಶ, ಬರದೇ ಇರೋರಿಗೆ ಕಾಯಬಾರದಪ್ಪಾ. ಹೆಸರು ಹೊಡೆದುಹಾಕಿ ಮುಂದಕ್ಕೆ ಹೋಗ್ಬೇಕು!"

ಸಾದಿಕ್ಕಣ್ಣ ಆ ಹೆಸರು ಹೊಡೆದ. ಬೇಡದ್ದನ್ನೆಲ್ಲ ಮಲಗಿಸಿದ. ಬಟನ್ ಒತ್ತಿದ್ರೆ ಇಪ್ಪತ್ತೇ ಸೆಕೆಂಡು! ಮಾರಕ್ಕ ಕುಣಿದೇಬಿಟ್ಲು!

ಸೋಮವಾರ ಬಂತು. ಮಾರಕ್ಕ ಟೀ ತರೋಕೆ ಹೋದ್ಲು. ಹತ್ತು ಹೊಡೀತು. ಮೇಡಂ ಇಲ್ಲ! ತಿಪ್ಪೇಶ ಒಂದರಿಂದ ತೊಂಬತ್ತು ಎಣಿಸಿದ. ಮೇಡಂ ಇಲ್ಲ! ಕ್ಯಾಲೆಂಡರಲ್ಲಿ ಅವ್ವ ಬರೆದಿಟ್ಟಿದ್ದ ಹೆಡ್ ಮೇಡಂ ಹೆಸರು ಗೀಚಿ ಹಾಕಿದ, ಶಟರ್ ಎಳೆದ ದಡಾರ್! ಆಗ ಮೇಡಂ ಏದುಸಿರು ಬಿಡ್ತಾ ಬಂದ್ರು.

"ಯಾಕಪ್ಪಾ ಬಾಗಿಲು ಹಾಕಿದ್ದು?"

"ಹೋಗ್ರಿ ಮೇಡಂ, ನಿಮ್ಮ ಹೆಸರು ಹೊಡೆದಾಯ್ತು!"

ಮೇಡಂ ಕೆಂಪಗಾದ್ರು. ಸೀದಾ ಎದುರಂಗಡಿ ಕಡೆ ತಿರುಗಿದ್ರು! ಅಷ್ಟರಲ್ಲಿ ಟೀ ಚೆಲ್ಲಿಕೊಂಡು ಓಡಿ ಬಂದ್ಲು ಮಾರಕ್ಕ. "ಅಯ್ಯೋ ನನ್ನ ಕರ್ಮವೇ! ತಡವಾಗಿ ಬಂದ್ರೂ ಬಂದೋರು ಬಂದೋರೇ ಕಣೋ! ಕುರ್ಚಿ ಹಾಕಿ ಕೂರಿಸಿ, ಬಿಸಿ ಬಿಸಿ ಟೀ ಕೊಡ್ಬೇಕು!"

"ಹೂಂ ಅವ್ವಾ, ಇನ್ಮೇಲೆ ಹಂಗೇ ಮಾಡ್ತೀನಿ!"

ಕೈ ಮುಗಿದು, ಕಾಲು ಹಿಡಿದು ಮೇಡಂನ ಒಳಗೆ ಕರೆತಂದ್ಲು. ಬಟನ್ ಒತ್ತಿದ್ಲು. ಮೇಡಂ ಎರಡೇ ಗುಟುಕು ಕುಡಿದಿದ್ರು, ಕಂಪ್ಯೂಟರ್ ಆನ್!

"ಭೇಷ್ ಮಾರಕ್ಕಾ! ಕೆಲಸ ನಿಮ್ಮದೇ!" ಮೇಡಂ ಲೋಟ ಕೆಳಗಿಟ್ರು, ಪರ್ಸಿಂದ ಒಂದು ಪೆನ್‌ಡ್ರೈವ್ ತೆಗೆದು ತಿಪ್ಪೇಶನ ಕೈಗೆ ಕೊಟ್ರು. "ಹೋದ ವರ್ಷದ ಪೇಪರೆಲ್ಲ ಇದ್ರಲ್ಲಿದೆ. ಇದೊಂದೇ ಇರೋದು, ಜೋಪಾನ. ಅಷ್ಟಿಷ್ಟು ತಿದ್ದಿದ್ರೆ ಆಯ್ತು."

ತಿಪ್ಪೇಶನ ಕಣ್ಣು ಅರಳಿತು! "ಅಯ್ಯಯ್ಯೋ, ಬಂದ್ಯಾ? ಇಷ್ಟು ದಿನ ಕಂಪ್ಯೂಟರು ನಿನಗೇ ಕಾಯ್ತಿತ್ತಲ್ಲಪ್ಪಾ! ತಡ ಆದ್ರೂ ಬಂದ್ಯಲ್ಲ!" ಕುರ್ಚಿ ಒರೆಸಿದ, ಪೆನ್‌ಡ್ರೈವ್ ಕೂರಿಸಿದ, ನಮಸ್ಕಾರ ಮಾಡಿದ. ಆಮೇಲೆ ಎತ್ತಿ ಬಿಸಿ ಬಿಸಿ ಟೀಯೊಳಗೆ ಬುಳುಕ್!

"ಅಯ್ಯೋ ನನ್ನ ಕರ್ಮವೇ!" ಅಂತ ಮಾರಕ್ಕ ಚೀರಿದ್ಲು. ಮೇಡಂ ಲೋಟ ನೋಡಿದ್ರು, ತಿಪ್ಪೇಶನ್ನ ನೋಡಿದ್ರು, ನಗು ತಡೀಲಾರದೆ ಕುರ್ಚಿ ಮೇಲೆ ಕುಸಿದ್ರು. "ಮಾರಕ್ಕಾ, ಇನ್ನು ಎಲ್ಲಾ ಮೊದಲಿಂದ ಟೈಪ್ ಮಾಡ್ಬೇಕು. ನೀವೇ ಮಾಡ್ಬೇಕು! ನಿಮ್ಮನ್ನ ಬಿಡೋದಿಲ್ಲ!"

ತಿಪ್ಪೇಶ? ಅವನಿಗೆ ಇದ್ಯಾವುದೂ ಕೇಳ್ಲೇ ಇಲ್ಲ! ಬಾಯಲ್ಲಿ ಕೇಳ್ಬಾರದಲ್ಲ, ಅದಕ್ಕೇ ಬಗ್ಗಿ ಕೂತು ಲೋಟದ ಮೇಲೆ ಬೆರಳಲ್ಲಿ ಕುಟ್ಟಿ ಕುಟ್ಟಿ ಕೇಳ್ತಿದ್ದ, ಸಕ್ಕರೆ ಸಾಕಾ ಅಂತ!